ಕುರಿಯ ಕೆಮ್ಮಿಗೆ ಥಂಡಿಯೊಂದೇ ಕಾರಣವಲ್ಲ: ಶ್ವಾಸಕೋಶದ ರೋಗ ಎಲ್ಲಿ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ

ಚಿತ್ರದುರ್ಗ: ಚಿತ್ತೆ, ಸ್ವಾತಿ ಮಳೆ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಕುರಿ ರೊಪ್ಪಗಳಲ್ಲಿ ಬೆಳಗಿನ ಜಾವ ಕೆಮ್ಮು ಕೇಳಿಸಲು ಶುರುವಾಗುತ್ತದೆ. ಒಂದು ಕುರಿ ಕೆಮ್ಮಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾಲ್ಕಾರು ಕೆಮ್ಮಿದರೆ ‘ಥಂಡಿ ಹಿಡಿದೈತೆ’ ಅಂತಾರೆ. ಎರಡು ಸತ್ತ ಮೇಲೆ ಪೇಟೆಯ ಔಷಧ ಅಂಗಡಿಯಿಂದ ಇಂಜೆಕ್ಷನ್ ಬರುತ್ತದೆ. ಅದು ಒಮ್ಮೆ ಕೆಲಸ ಮಾಡುತ್ತದೆ, ಇನ್ನೊಮ್ಮೆ ಮಾಡುವುದಿಲ್ಲ. ಯಾಕೆ ಮಾಡಲಿಲ್ಲ ಅನ್ನುವುದಕ್ಕೆ ಉತ್ತರ ಬಹುಪಾಲು ಸತ್ತ ಕುರಿಯ ಎದೆಗೂಡಿನೊಳಗೇ ಇರುತ್ತದೆ. ಆದರೆ ಅಷ್ಟರಲ್ಲಿ ಅದನ್ನು ಹೂಳಿಯೋ ಎಸೆದೋ ಆಗಿರುತ್ತದೆ.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ಇಲ್ಲೇ ಹೆಚ್ಚು. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರಿನಂತಹ ಒಣ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿಯೇ. ಆ ಕುರಿಯನ್ನು ಸದ್ದಿಲ್ಲದೆ ತಿನ್ನುವ ಕಾಯಿಲೆಗಳಲ್ಲಿ ಶ್ವಾಸಕೋಶದ ರೋಗ, ಅಂದರೆ ಪುಪ್ಪುಸದ ಬೇನೆ, ಮುಂಚೂಣಿಯಲ್ಲಿದೆ. ಕರುಳು ಬೇನೆಯಲ್ಲಿ ಕುರಿ ಸತ್ತರೆ ಊರಿಗೇ ಗೊತ್ತಾಗುತ್ತದೆ. ಪುಪ್ಪುಸ ಕೆಟ್ಟ ಕುರಿ ಮಾತ್ರ ತಿಂಗಳುಗಟ್ಟಲೆ ಮೇಯುತ್ತಾ, ಕೆಮ್ಮುತ್ತಾ, ತೂಕ ಬಾರದೆ ಸಂತೆಯಲ್ಲಿ ಅರ್ಧ ಬೆಲೆಗೆ ಹೋಗುತ್ತದೆ. ಆ ನಷ್ಟ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಕೆಮ್ಮು, ಗೊಣ್ಣೆ, ಏದುಸಿರು ಹೊರಗೆ ಕಾಣುವ ಲಕ್ಷಣಗಳು. ಬ್ಯಾಕ್ಟೀರಿಯಾ ಬಂದರೂ ಅವೇ, ವೈರಸ್ ಬಂದರೂ ಅವೇ. ಪುಪ್ಪುಸದಲ್ಲಿ ಜಂತುಹುಳು ಇದ್ದರೂ, ಬಾಯಿಗೆ ಹಾಕಿದ ಔಷಧಿ ಗಾಳಿಕೊಳವೆಗೆ ಇಳಿದಿದ್ದರೂ ಕುರಿ ಕೆಮ್ಮುವ ರೀತಿ ಒಂದೇ. ಮದ್ದು ಮಾತ್ರ ಬೇರೆ ಬೇರೆ.

ಮೂಗಿನಲ್ಲೇ ಮನೆ ಮಾಡಿಕೊಂಡ ವೈರಿ

ಕುರಿಗಳ ನ್ಯುಮೋನಿಯಾದಲ್ಲಿ ಹೆಚ್ಚಾಗಿ ಸಿಗುವ ಬ್ಯಾಕ್ಟೀರಿಯಾದ ಹೆಸರು ಮ್ಯಾನ್‌ಹೈಮಿಯಾ ಹೀಮೋಲಿಟಿಕಾ. ಇದನ್ನು ಮೊದಲು ಪಾಶ್ಚರೆಲ್ಲಾ ಗುಂಪಿಗೆ ಸೇರಿಸಿದ್ದರಿಂದ ಅನೇಕ ವೈದ್ಯರು ಇವತ್ತಿಗೂ ರೋಗವನ್ನು ಪಾಶ್ಚರೆಲ್ಲೋಸಿಸ್ ಎಂದೇ ಕರೆಯುತ್ತಾರೆ. ಇದು ಎಲ್ಲೋ ಹೊರಗಿಂದ ಹಾರಿಬರುವ ರೋಗಾಣುವಲ್ಲ. ಚೆನ್ನಾಗಿ ಮೇಯುತ್ತಿರುವ, ಆರೋಗ್ಯವಾಗಿರುವ ಕುರಿಯ ಮೂಗು ಮತ್ತು ಗಂಟಲ ಗ್ರಂಥಿಗಳಲ್ಲೂ ಇರುತ್ತದೆ. ಇದ್ದರೂ ತೊಂದರೆ ಕೊಡುವುದಿಲ್ಲ.

ತೊಂದರೆ ಕೊಡದಂತೆ ನೋಡಿಕೊಳ್ಳುವ ಕಾವಲು ಕುರಿಯ ದೇಹದಲ್ಲೇ ಇದೆ. ಗಾಳಿಕೊಳವೆಯ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವುಗಳ ಮೇಲೆ ತೆಳ್ಳಗೆ ಲೋಳೆ. ಉಸಿರಿನ ಜೊತೆ ಒಳಗೆ ಹೋದ ದೂಳು, ರೋಗಾಣು ಲೋಳೆಗೆ ಅಂಟಿಕೊಳ್ಳುತ್ತವೆ. ರೋಮಗಳು ಒಂದೇ ಸಮನೆ ಬೀಸುತ್ತಾ ಅದನ್ನು ಮೇಲಕ್ಕೆ, ಗಂಟಲ ಕಡೆಗೆ ತಳ್ಳುತ್ತವೆ. ಕುರಿ ಅದನ್ನು ನುಂಗುತ್ತದೆ, ಅಲ್ಲಿಗೆ ಕತೆ ಮುಗೀತು. ತಪ್ಪಿಸಿಕೊಂಡು ಆಳಕ್ಕೆ ಇಳಿದದ್ದನ್ನು ಪುಪ್ಪುಸದ ಗಾಳಿಗೂಡುಗಳಲ್ಲಿ ಓಡಾಡುವ ಬಿಳಿ ರಕ್ತಕಣದ ಜಾತಿಯ ಕಾವಲು ಕಣಗಳು ತಿಂದುಹಾಕುತ್ತವೆ.

ಈ ಕಾವಲು ಸಡಿಲವಾಗುವುದು ಯಾವಾಗ ಎಂಬುದೇ ಇಡೀ ರೋಗದ ಕೀಲಿಕೈ. ಎರಡು ಮೂರು ದಿನ ಬಿಡದ ಜಡಿಮಳೆಯಲ್ಲಿ ನೆನೆದಾಗ. ಚಳಿಯಲ್ಲಿ ಉಣ್ಣೆ ಕತ್ತರಿಸಿದಾಗ. ಹಗಲು ಸುಡುವ ಬಿಸಿಲು, ರಾತ್ರಿ ಕೊರೆವ ಚಳಿ ಇದ್ದಾಗ. ಮರಿಯನ್ನು ತಾಯಿಯಿಂದ ಬಿಡಿಸಿದಾಗ. ಲಾರಿಯಲ್ಲಿ ಒತ್ತೊತ್ತಾಗಿ ತುಂಬಿ ನೀರು, ಮೇವು ಕೊಡದೆ ಸಾಗಿಸಿದಾಗ. ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ತುಂಬಿ ಕುರಿ ಬಿಳಿಚಿಕೊಂಡಾಗ. ಇವೆಲ್ಲ ಸೇರಿ ಕುರಿಯ ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತವೆ. ಮೂಗಿನಲ್ಲಿ ನೂರರಲ್ಲಿದ್ದ ರೋಗಾಣು ಲಕ್ಷಗಟ್ಟಲೆಯಾಗಿ ಉಸಿರಿನ ಹನಿಗಳೊಂದಿಗೆ ಕೆಳಗಿಳಿಯುತ್ತದೆ. ಹಾಗಾಗಿ ‘ಥಂಡಿ’ ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಆದರೆ ಥಂಡಿ ಬಾಗಿಲು ತೆರೆಯುತ್ತದೆ ಅಷ್ಟೇ, ಕೊಲ್ಲುವುದು ಒಳಗೆ ಮೊದಲೇ ಕೂತಿದ್ದವನು.

ಒಳಗಿಳಿದ ಮೇಲೆ ಆಗುವುದು ಬಲು ಬೇಗ. ಈ ಬ್ಯಾಕ್ಟೀರಿಯಾ ಒಂದು ವಿಷವನ್ನು ಸ್ರವಿಸುತ್ತದೆ. ಅದು ಮೆಲುಕು ಹಾಕುವ ಪ್ರಾಣಿಗಳ ಬಿಳಿ ರಕ್ತಕಣಗಳನ್ನೇ ಗುರಿ ಮಾಡುತ್ತದೆ. ಕಾಪಾಡಲು ಬಂದ ಕಣಗಳು ಒಡೆದು, ಅವುಗಳೊಳಗಿದ್ದ ಕಿಣ್ವಗಳು ಚೆಲ್ಲಿ, ಪುಪ್ಪುಸದ ಅಂಗಾಂಶವನ್ನೇ ಸುಡುತ್ತವೆ. ಮತ್ತಷ್ಟು ಬಿಳಿ ಕಣಗಳು ಓಡಿಬರುತ್ತವೆ, ಅವೂ ಒಡೆಯುತ್ತವೆ. ಗಾಳಿ ಇರಬೇಕಾದ ಗೂಡುಗಳಲ್ಲಿ ನೀರು, ಕೀವು, ಹೆಪ್ಪುಗಟ್ಟಿದ ಎಳೆಗಳು ತುಂಬಿಕೊಳ್ಳುತ್ತವೆ. ಹತ್ತಿಯಂತೆ ಮೆತ್ತಗಿದ್ದ ಪುಪ್ಪುಸ ಈಲಿಯ ಹಾಗೆ ಕೆಂಪಗೆ, ಗಟ್ಟಿಯಾಗುತ್ತದೆ. ತೀವ್ರವಾದರೆ ಒಂದರಿಂದ ಮೂರು ದಿನದಲ್ಲಿ ಸಾವು. ಎಳೆ ಮರಿಗಳಲ್ಲಿ ರೋಗಾಣು ರಕ್ತಕ್ಕೇ ಸೇರಿ, ಕೆಮ್ಮುವುದಕ್ಕೂ ಸಮಯ ಕೊಡದೆ ಸಾಯಿಸುವುದುಂಟು. ರಾತ್ರಿ ಚೆನ್ನಾಗಿದ್ದ ಮರಿ ಬೆಳಗ್ಗೆ ಸತ್ತು ಬಿದ್ದಿತ್ತು ಅನ್ನುವ ಪ್ರಕರಣಗಳಲ್ಲಿ ಇದೂ ಒಂದು ಕಾರಣ.

ಬದುಕಿದ ಕುರಿಯ ಕತೆಯೂ ಸುಖದ್ದಲ್ಲ. ಗಟ್ಟಿಯಾದ ಭಾಗ ಮತ್ತೆ ಮೊದಲಿನಂತೆ ಆಗುವುದು ಅಪರೂಪ. ಅಲ್ಲಿ ಕಲೆಯೋ ಕೀವಿನ ಗಂಟೋ ಉಳಿಯುತ್ತದೆ, ಪುಪ್ಪುಸ ಪಕ್ಕೆಲುಬಿಗೆ ಅಂಟಿಕೊಳ್ಳುತ್ತದೆ. ಮಂದೆಯಲ್ಲಿ ಸದಾ ಹಿಂದೆ ಉಳಿಯುವ, ನಾಲ್ಕು ಹೆಜ್ಜೆಗೆ ನಿಲ್ಲುವ ಕುರಿಗಳಲ್ಲಿ ಇಂಥವು ಬಹಳ.

ಸಂತೆಯಿಂದ ಬಂದ ಮರಿಗಳು

ಈಚಿನ ವರ್ಷಗಳಲ್ಲಿ ಇದಕ್ಕೆ ಹೊಸ ದಾರಿ ತೆರೆದಿರುವುದು ಕೊಟ್ಟಿಗೆಯಲ್ಲೇ ಕೂಡಿ ಸಾಕುವ ಪದ್ಧತಿ. ಮೂರು ನಾಲ್ಕು ತಿಂಗಳ ಟಗರು ಮರಿಗಳನ್ನು ಅಕ್ಕಿರಾಂಪುರ, ಅಮೀನಗಡದಂತಹ ಸಂತೆಗಳಿಂದ ತಂದು, ಬಕ್ರೀದ್‌ಗೋ ಹಬ್ಬ ಜಾತ್ರೆಗೋ ಕೊಬ್ಬಿಸಿ ಮಾರುವುದು ಈಗ ಓದಿದ ಹುಡುಗರೂ ಮಾಡುವ ಕಸುಬು. ಸಾಲ ಸಹಾಯಧನದ 20 ಕುರಿ, 1 ಟಗರಿನ ಘಟಕಗಳೂ ಬಂದಿವೆ. ಇಲ್ಲಿ ಹತ್ತು ಊರಿನ ಮರಿಗಳು ಒಂದೇ ದಿನ ಒಂದೇ ಶೆಡ್ಡಿಗೆ ಬರುತ್ತವೆ. ಹಿಂದಿನ ದಿನವಷ್ಟೇ ತಾಯಿ ಬಿಟ್ಟಿವೆ, ಸಂತೆಯಲ್ಲಿ ದಿನವಿಡೀ ಬಿಸಿಲಲ್ಲಿ ನಿಂತಿವೆ, ರಾತ್ರಿ ಗಾಡಿಯಲ್ಲಿ ಗಾಳಿಗೆ ಮೈಯೊಡ್ಡಿವೆ. ಒಂದೊಂದು ಮರಿಯ ಮೂಗಿನಲ್ಲೂ ಅದರದರ ಊರಿನ ರೋಗಾಣು. ಬಂದ ಮೊದಲ ಎರಡು ವಾರದಲ್ಲಿ ಕೆಮ್ಮು, ಜ್ವರ ಕಾಣಿಸಿಕೊಳ್ಳುವುದಕ್ಕೆ ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ತಂದ ಮರಿಗಳನ್ನು ಮನೆಯ ಕುರಿಗಳ ಜೊತೆ ನೇರ ಬಿಡುವುದು ಎರಡನೇ ತಪ್ಪು. ಕನಿಷ್ಠ ಮೂರು ವಾರ ಬೇರೆ ಕಡೆ, ಬೇರೆ ನೀರಿನ ತೊಟ್ಟಿಯಲ್ಲಿ ಇರಿಸಿ ನೋಡಬೇಕು. ಬಂದ ದಿನವೇ ಜಂತುನಾಶಕ, ಲಸಿಕೆ, ಹೊಸ ಮೇವು ಎಲ್ಲ ಒಟ್ಟಿಗೆ ಹೇರುವುದೂ ಸರಿಯಲ್ಲ. ಮೊದಲು ನೀರು, ಒಣ ಮೇವು, ನೆರಳು, ಒಂದೆರಡು ದಿನ ವಿಶ್ರಾಂತಿ. ಉಳಿದದ್ದು ಆಮೇಲೆ.

ಶೆಡ್ಡಿನ ವಿಚಾರಕ್ಕೆ ಬಂದರೆ, ಹೆಚ್ಚಿನವರು ಹೆದರುವುದು ಚಳಿಗೆ. ನಿಜಕ್ಕೂ ಹೆದರಬೇಕಾದದ್ದು ಕಟ್ಟಿದ ಗಾಳಿಗೆ. ಮಳೆ ಬಂತೆಂದು ನಾಲ್ಕೂ ಕಡೆ ಟಾರ್ಪಾಲು ಇಳಿಬಿಟ್ಟರೆ ಉಚ್ಚೆ, ಹಿಕ್ಕೆಯಿಂದ ಏಳುವ ಅಮೋನಿಯಾ ಒಳಗೇ ತುಂಬಿಕೊಳ್ಳುತ್ತದೆ. ಅದು ಗಾಳಿಕೊಳವೆಯ ರೋಮಗಳನ್ನು ಹಾಳು ಮಾಡುತ್ತದೆ, ಅಂದರೆ ಕಾವಲುಗಾರನ ಕೈ ಕಟ್ಟಿದ ಹಾಗೆ. ನಿಂತ ಮನುಷ್ಯನ ಮೂಗಿಗೆ ವಾಸನೆ ತಟ್ಟುವುದಿಲ್ಲ, ಮರಿ ಉಸಿರಾಡುವುದು ನೆಲದಿಂದ ಒಂದು ಅಡಿ ಮೇಲೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಕುಕ್ಕರುಗಾಲಲ್ಲಿ ಕೂತು ಉಸಿರೆಳೆದು ನೋಡಿದರೆ ಗೊತ್ತಾಗುತ್ತದೆ. ಕಣ್ಣು ಉರಿದರೆ ಆ ಶೆಡ್ಡಿನಲ್ಲಿ ಮರಿಗೆ ರಾತ್ರಿಯಿಡೀ ಉರಿದಿದೆ ಎಂದೇ ಅರ್ಥ. ದೊಡ್ಡ ಕುರಿಯೊಂದಕ್ಕೆ ಸುಮಾರು 10 ಚದರ ಅಡಿ ಜಾಗ ಬೇಕು. ಅಟ್ಟಣಿಗೆ ಪದ್ಧತಿಯ ಶೆಡ್ಡಾದರೆ ಹಿಕ್ಕೆ ಕೆಳಗೆ ಬೀಳುತ್ತದೆ ನಿಜ, ಆದರೆ ಕೆಳಗಿನದ್ದನ್ನು ತಿಂಗಳುಗಟ್ಟಲೆ ತೆಗೆಯದಿದ್ದರೆ ಅದೇ ಗಾಳಿ ಮೇಲೆ ಬರುತ್ತದೆ. ಹೊಲದಲ್ಲಿ ಕುರಿ ತರುಬುವ ಸಂಚಾರಿ ಕುರಿಗಾರರ ಮಂದೆಗೆ ಈ ಕಷ್ಟ ಇಲ್ಲ. ಅವರದ್ದು ಮಳೆಯ ಕಷ್ಟ.

ವರ್ಷದೊಳಗಿನ ಮರಿಗಳಲ್ಲಿ ಇನ್ನೊಂದು ಬಗೆಯ ಕೆಮ್ಮಿದೆ. ಸಾಯುವುದಿಲ್ಲ, ಜ್ವರವೂ ಅಷ್ಟಾಗಿ ಇಲ್ಲ, ಆದರೆ ವಾರಗಟ್ಟಲೆ ಕೆಮ್ಮು ನಿಲ್ಲುವುದಿಲ್ಲ. ಓಡಿಸಿದರೆ ಜಾಸ್ತಿ. ಇದರ ಹಿಂದೆ ಸಾಮಾನ್ಯವಾಗಿ ಮೈಕೋಪ್ಲಾಸ್ಮಾ ಓವಿನ್ಯುಮೋನಿಯೇ ಎಂಬ ಸೂಕ್ಷ್ಮಾಣು ಇರುತ್ತದೆ. ಅದು ರೋಮಗಳಿಗೇ ಅಂಟಿಕೊಂಡು ಅವು ಬೀಸದಂತೆ ಮಾಡುತ್ತದೆ, ಆಮೇಲೆ ಮ್ಯಾನ್‌ಹೈಮಿಯಾ ಬಂದು ಸೇರಿಕೊಳ್ಳುತ್ತದೆ. ಮೈಕೋಪ್ಲಾಸ್ಮಾಕ್ಕೆ ಜೀವಕೋಶದ ಗೋಡೆಯೇ ಇಲ್ಲ. ಪೆನ್ಸಿಲಿನ್ ಕೆಲಸ ಮಾಡುವುದು ಆ ಗೋಡೆಯ ಮೇಲೆ. ‘ಪೆನ್ಸಿಲಿನ್ ಹಾಕಿಸಿದೆವು, ಕೆಮ್ಮು ಹೋಗಲಿಲ್ಲ’ ಎಂಬ ದೂರಿಗೆ ಇದೂ ಒಂದು ವಿವರಣೆ.

ಗಳಲೆ ಲಸಿಕೆ ಹಾಕಿಸಿದರೂ ಕೆಮ್ಮು ಯಾಕೆ?

ಮುಂಗಾರಿಗೆ ಮುಂಚೆ ಗಳಲೆ ರೋಗದ, ಅಂದರೆ ಗಂಟಲು ಬೇನೆಯ ಲಸಿಕೆ ಹಾಕಿಸುವವರು ಅದನ್ನು ಎಲ್ಲ ಎದೆರೋಗಕ್ಕೂ ರಕ್ಷಣೆ ಎಂದುಕೊಳ್ಳುತ್ತಾರೆ. ಆ ಲಸಿಕೆ ಇರುವುದು ಪಾಶ್ಚರೆಲ್ಲಾ ಮಲ್ಟೋಸಿಡಾ ಎಂಬ ಇನ್ನೊಂದು ರೋಗಾಣುವಿನ ವಿರುದ್ಧ. ಮ್ಯಾನ್‌ಹೈಮಿಯಾಕ್ಕೆ ಅದನ್ನು ನೆಚ್ಚುವಂತಿಲ್ಲ. ಲಸಿಕೆ ಸುಳ್ಳು ಎಂದು ಮುಂದಿನ ವರ್ಷ ಬಿಟ್ಟುಬಿಡುವುದೂ ತಪ್ಪು, ಗಳಲೆ ರೋಗವೇ ಬಂದರೆ ಮಂದೆ ಉಳಿಯುವುದು ಕಷ್ಟ. ಎರಡೂ ಬೇರೆ ಎಂದು ತಿಳಿದಿದ್ದರೆ ಸಾಕು.

ಪಿಪಿಆರ್: ಬಾಗಿಲನ್ನೇ ಕಿತ್ತುಹಾಕುವ ವೈರಸ್

ಕೆಮ್ಮಿನ ಜೊತೆ ಬಾಯಿಹುಣ್ಣು, ಭೇದಿ ಎರಡೂ ಕಂಡರೆ ಯೋಚನೆ ಮೊದಲು ಪಿಪಿಆರ್ ಕಡೆ ಹೋಗಬೇಕು. 1942ರಲ್ಲಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಮೊದಲು ಗುರುತಿಸಲಾದ ಈ ರೋಗ ಭಾರತದಲ್ಲಿ 1987ರಲ್ಲಿ ತಮಿಳುನಾಡಿನಲ್ಲಿ ಪತ್ತೆಯಾಯಿತು. ದನಗಳನ್ನು ಊರೂರೇ ಬರಿದು ಮಾಡುತ್ತಿದ್ದ, 2011ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಘೋಷಿಸಲಾದ ದೊಡ್ಡರೋಗದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ.

ವೈರಸ್ ದೇಹ ಸೇರಿದ ನಾಲ್ಕಾರು ದಿನಕ್ಕೆ ಜೋರು ಜ್ವರ. ಕಣ್ಣು, ಮೂಗಿನಿಂದ ಮೊದಲು ನೀರು, ಆಮೇಲೆ ಗಟ್ಟಿ ಗೊಣ್ಣೆ. ಅದು ಒಣಗಿ ಮೂಗಿನ ಹೊಳ್ಳೆ ಮುಚ್ಚುತ್ತದೆ, ಕಣ್ಣಿನ ರೆಪ್ಪೆ ಅಂಟಿಕೊಳ್ಳುತ್ತದೆ. ವಸಡು, ನಾಲಿಗೆ ಮೇಲೆ ತವುಡು ಅಂಟಿದಂತೆ ಬಿಳಿ ಪದರ, ಕೆಟ್ಟ ವಾಸನೆ. ನಂತರ ಭೇದಿ, ಕೆಮ್ಮು, ಏದುಸಿರು. ಈ ವೈರಸ್ ರೋಗನಿರೋಧಕ ಕಣಗಳಲ್ಲೇ ಬೆಳೆದು ಅವನ್ನು ನಾಶ ಮಾಡುವುದರಿಂದ, ಮೂಗಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಕ್ಕೆ ತಡೆಯೇ ಇಲ್ಲದಂತಾಗುತ್ತದೆ. ಸಾಯುವ ಎಷ್ಟೋ ಕುರಿಗಳು ವೈರಸ್ಸಿನಿಂದ ಶುರುವಾಗಿ ನ್ಯುಮೋನಿಯಾದಲ್ಲಿ ಮುಗಿಯುತ್ತವೆ. ಮೇಕೆಗಳಿಗೆ ಇನ್ನೂ ಕಷ್ಟ. ಮನುಷ್ಯರಿಗೆ ಇದು ಹರಡುವುದಿಲ್ಲ.

ವೈರಸ್ಸಿಗೆ ಔಷಧಿ ಇಲ್ಲ. ಆದರೆ ಒಳ್ಳೆಯ ಲಸಿಕೆ ಇದೆ, ಅದೂ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯೇ ರೂಪಿಸಿದ್ದು. ಒಮ್ಮೆ ಚರ್ಮದಡಿ 1 ಮಿ.ಲೀ. ಹಾಕಿಸಿದರೆ ಮೂರು ವರ್ಷ ರಕ್ಷಣೆ. ಮರಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಹಾಕಿಸುವುದು ವಾಡಿಕೆ. ಪಶುಪಾಲನಾ ಇಲಾಖೆ ಉಚಿತವಾಗಿ ಹಾಕುತ್ತದೆ. ಜಗತ್ತಿನಿಂದ ಪಿಪಿಆರ್ ತೊಲಗಿಸಲು ಅಂತರರಾಷ್ಟ್ರೀಯ ಸಂಸ್ಥೆಗಳು ಇಟ್ಟುಕೊಂಡಿರುವ ಗುರಿ 2030. ಆ ಗುರಿಗೆ ಅಡ್ಡಿಯಾಗುವುದು ಲಸಿಕೆಯ ದಿನ ಊರಲ್ಲಿ ಇಲ್ಲದ ಮಂದೆಗಳು. ಮೇವು ಅರಸಿ ಜಿಲ್ಲೆ ದಾಟುವ ಕುರಿಗಾರರು ಹೊರಡುವ ಮೊದಲೇ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿಕೊಳ್ಳುವುದೇ ದಾರಿ.

ಕುರಿ ಸಿಡುಬಿನಲ್ಲೂ ಪುಪ್ಪುಸಕ್ಕೆ ಪೆಟ್ಟು ಬೀಳುತ್ತದೆ. ತೊಡೆಸಂದು, ಬಾಲದಡಿಯ ಉಣ್ಣೆಯಿಲ್ಲದ ಚರ್ಮದ ಮೇಲೆ ಕಾಣುವ ಗುಳ್ಳೆಗಳಂಥವೇ ಒಳಗೂ ಏಳುತ್ತವೆ. ಚರ್ಮದ ಗುಳ್ಳೆ ನೋಡಿಯೇ ರೋಗ ಗೊತ್ತಾಗುವುದರಿಂದ ಇಲ್ಲಿ ಗೊಂದಲ ಕಡಿಮೆ.

ಹಸಿ ಹುಲ್ಲಿನಿಂದ ಏರುವ ಹುಳು

ಕೆರೆ ಅಂಗಳ, ಕಾಲುವೆ ಬದು, ಭತ್ತ ಕೊಯ್ದ ಗದ್ದೆ. ಮಳೆಗಾಲ ಮುಗಿದ ಮೇಲೆ ಮಂದೆ ನಡೆಯುವುದು ಹಸಿರಿರುವ ಕಡೆಗೇ. ಅಲ್ಲಿ ಪುಪ್ಪುಸದ ಜಂತು ಕಾಯುತ್ತಿರುತ್ತದೆ. ಇವುಗಳಲ್ಲಿ ಮುಖ್ಯವಾದದ್ದು ಡಿಕ್ಟಿಯೋಕಾಲಸ್ ಫಿಲೇರಿಯಾ. ಬಿಳಿ ದಾರದ ಹಾಗೆ, 3ರಿಂದ 10 ಸೆಂ.ಮೀ. ಉದ್ದ. ಗಾಳಿಕೊಳವೆಯ ಕವಲುಗಳಲ್ಲಿ ಗುಂಪಾಗಿ ವಾಸ. ಅಲ್ಲಿಟ್ಟ ಮೊಟ್ಟೆಗಳನ್ನು ಕುರಿ ಕೆಮ್ಮಿ, ನುಂಗಿ, ಮರಿಹುಳುಗಳಾಗಿ ಹಿಕ್ಕೆಯಲ್ಲಿ ಹೊರಹಾಕುತ್ತದೆ. ತೇವ ಇದ್ದರೆ ಸುಮಾರು ಒಂದು ವಾರದಲ್ಲಿ ಅವು ರೋಗ ಹರಡುವ ಹಂತ ಮುಟ್ಟಿ ಹುಲ್ಲಿನ ಮೇಲೆ ಹತ್ತುತ್ತವೆ. ಹುಲ್ಲಿನ ಜೊತೆ ಇನ್ನೊಂದು ಕುರಿಯ ಹೊಟ್ಟೆಗೆ ಹೋಗಿ, ಕರುಳ ಗೋಡೆ ಕೊರೆದು, ಹಾಲ್ರಸ ಮತ್ತು ರಕ್ತದ ದಾರಿ ಹಿಡಿದು ಪುಪ್ಪುಸ ಸೇರುತ್ತವೆ. ಹುಲ್ಲು ಮೇಯ್ದ ಸುಮಾರು ಐದು ವಾರಕ್ಕೆ ಆ ಕುರಿಯ ಹಿಕ್ಕೆಯಲ್ಲೂ ಮರಿಹುಳು. ಇನ್ನೆರಡು ಜಾತಿಯ ಹುಳುಗಳಿಗೆ ನಡುವೆ ಬಸವನಹುಳು ಬೇಕು, ಅವುಗಳ ಹಾವಳಿ ನಿಧಾನದ್ದು.

ಜ್ವರ ಇಲ್ಲದ, ತಿಂಗಳುಗಟ್ಟಲೆ ಎಳೆಯುವ ಕೆಮ್ಮು, ಕರಗುತ್ತಾ ಹೋಗುವ ಮೈ, ಮಳೆಗಾಲದ ನಂತರದ ಸಮಯ ಮೂರೂ ಕೂಡಿದರೆ ಹುಳುವಿನ ಗುಮಾನಿ ಪಡಬೇಕು. ಆಸ್ಪತ್ರೆಗೆ ಹಿಕ್ಕೆ ಒಯ್ಯುವಾಗ ನೆಲದಿಂದ ಆರಿಸದೆ ನೇರ ಕುರಿಯಿಂದಲೇ ತಾಜಾ ಹಿಕ್ಕೆ ತೆಗೆದು ಒಯ್ಯಬೇಕು, ಪುಪ್ಪುಸದ ಹುಳುವಿನ ಅನುಮಾನ ಇದೆ ಎಂದು ಹೇಳಬೇಕು. ಹೊಟ್ಟೆ ಜಂತಿಗೆ ಹುಡುಕುವುದು ಮೊಟ್ಟೆ. ಇದಕ್ಕೆ ಹಿಕ್ಕೆಯನ್ನು ಬಟ್ಟೆಯಲ್ಲಿ ಕಟ್ಟಿ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ಇಳಿಬಿಟ್ಟು, ತಳಕ್ಕಿಳಿದ ಮರಿಹುಳುಗಳನ್ನು ನೋಡುವ ಪರೀಕ್ಷೆಯೇ ಬೇರೆ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್, ಲೆವಮಿಸೋಲ್, ಐವರ್‌ಮೆಕ್ಟಿನ್ ಇವೆಲ್ಲ ಈ ಹುಳುವಿಗೆ ನಡೆಯುತ್ತವೆ. ಕಣ್ಣಂದಾಜಿನಲ್ಲಿ ಕಡಿಮೆ ಕೊಟ್ಟರೆ ಹುಳು ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ. ಟಗರು ಬಿಟ್ಟ ಮೊದಲ ತಿಂಗಳು ಗಬ್ಬದ ಕುರಿಗೆ ಆಲ್ಬೆಂಡಜೋಲ್ ಬೇಡ, ಹೊಟ್ಟೆಯ ಮರಿಗೆ ತೊಂದರೆ.

ಇಲ್ಲಿ ಒಂದು ಸಣ್ಣ ಗೊಂದಲ ಬಿಡಿಸಬೇಕು. ಕುರಿ ಪದೇ ಪದೇ ಸೀನುತ್ತಾ, ತಲೆ ಕೊಡವುತ್ತಾ, ಒಂದೇ ಹೊಳ್ಳೆಯಿಂದ ಗಟ್ಟಿ ಗೊಣ್ಣೆ ಸುರಿಸುತ್ತಿದ್ದರೆ ಅದು ಪುಪ್ಪುಸದ ಹುಳುವಲ್ಲ. ಒಂದು ಜಾತಿಯ ನೊಣ ಮೂಗಿನ ಹೊಳ್ಳೆಯಲ್ಲಿ ಬಿಟ್ಟುಹೋದ ಹುಳು ಇರಬಹುದು. ಅದು ಮೂಗು, ಹಣೆಯ ಪೊಟರೆಯಲ್ಲೇ ಬೆಳೆಯುತ್ತದೆ.

ಗೊಟ್ಟದ ಔಷಧಿ ದಾರಿ ತಪ್ಪಿದಾಗ

ಯಾರೂ ಒಪ್ಪಿಕೊಳ್ಳದ ಕಾರಣ ಇದು. ಹೊಟ್ಟೆಯುಬ್ಬರಕ್ಕೆ ಎಣ್ಣೆಯನ್ನೋ, ಜಂತಿಗೆ ಔಷಧಿಯನ್ನೋ ಗೊಟ್ಟದಲ್ಲಿ, ಬಾಟಲಿಯಲ್ಲಿ ಹಾಕುವಾಗ ಕುರಿಯ ಮೂತಿ ಆಕಾಶ ನೋಡುವಂತೆ ಎತ್ತಿ ಹಿಡಿಯುತ್ತಾರೆ, ನಾಲಿಗೆ ಹೊರಗೆ ಎಳೆಯುತ್ತಾರೆ. ಆ ಭಂಗಿಯಲ್ಲಿ ಕುರಿಗೆ ನುಂಗಲಾಗುವುದಿಲ್ಲ. ಔಷಧಿ ಗಾಳಿಕೊಳವೆಗೆ ಇಳಿಯುತ್ತದೆ. ಕುರಿ, ದನಗಳಲ್ಲಿ ಬಲ ಪುಪ್ಪುಸದ ಮುಂಭಾಗಕ್ಕೆ ಗಾಳಿಕೊಳವೆಯಿಂದಲೇ ಒಂದು ಪ್ರತ್ಯೇಕ ಕವಲು ಇದೆ. ತಪ್ಪಿ ಇಳಿದದ್ದು ಹೆಚ್ಚಾಗಿ ಅಲ್ಲಿಗೇ ಹೋಗುತ್ತದೆ. ಎಣ್ಣೆಯಾದರಂತೂ ಕೆಮ್ಮಿ ಹೊರಹಾಕಲೂ ಆಗದು. ಎರಡು ಮೂರು ದಿನದಲ್ಲಿ ಆ ಭಾಗ ಕೊಳೆತು ಉಸಿರೇ ನಾರುತ್ತದೆ. ಅಷ್ಟರ ಮೇಲೆ ಉಳಿಸುವುದು ಕಷ್ಟ.

ಒಂದೇ ದಿನ ಇಡೀ ಮಂದೆಗೆ ಜಂತಿನ ಔಷಧಿ ಹಾಕಿ, ಮೂರು ದಿನಕ್ಕೆ ಎರಡು ಮೂರು ಕುರಿ ಏದುಸಿರು ಬಿಟ್ಟು ಸತ್ತರೆ ದೂರು ಹೋಗುವುದು ಔಷಧಿ ಕಂಪನಿಯ ಮೇಲೆ. ತಪ್ಪು ಕೈಯದ್ದೂ ಆಗಿರಬಹುದು. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಹಾಕಿ ನುಂಗಲು ಬಿಡಬೇಕು. ಕೆಮ್ಮಿದರೆ ಆ ಕ್ಷಣ ತಲೆ ಬಿಟ್ಟುಬಿಡಬೇಕು.

ನಿಧಾನವಾಗಿ ಕೊಲ್ಲುವ ಎರಡು

ಇನ್ನೆರಡು ವೈರಸ್ ರೋಗಗಳಿಗೆ ವರ್ಷಗಳ ತಾಳ್ಮೆಯಿದೆ. ಒಂದು ಯಾಗ್‌ಸೀಕ್ಟೆ. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಲ್ಲಿ ಇದಕ್ಕೆ ಅಟ್ಟಿಸಿಕೊಂಡು ಹೋದಾಗಿನ ರೋಗ ಎಂಬ ಅರ್ಥ. ಸುಮ್ಮನೆ ನಿಂತ ಕುರಿಯೂ ನಾಯಿ ಅಟ್ಟಿಸಿಕೊಂಡು ಬಂದಂತೆ ಏದುಸಿರು ಬಿಡುತ್ತದೆ. ಇದು ವೈರಸ್ಸಿನಿಂದ ಹರಡುವ ಪುಪ್ಪುಸದ ಕ್ಯಾನ್ಸರ್. ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದ ಕುರಿಗಳಲ್ಲಿ ಕಾಣುತ್ತದೆ. ಜ್ವರ ಇಲ್ಲ, ಮೇವು ಬಿಡುವುದಿಲ್ಲ, ಆದರೂ ಸೊರಗುತ್ತದೆ. ಹಿಂಗಾಲು ಎತ್ತಿ ತಲೆ ತಗ್ಗಿಸಿದರೆ ಮೂಗಿನಿಂದ ನೊರೆನೀರು ಸುರಿಯುವುದು ಮುಂದುವರಿದ ರೋಗದ ಗುರುತು. ವಯಸ್ಕ ಕುರಿಯ ಜೀವಕೋಶದಿಂದ ಹುಟ್ಟಿದ ಮೊದಲ ತದ್ರೂಪಿ ಕುರಿ ಡಾಲಿಗೂ ಬಂದದ್ದು ಇದೇ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಅದನ್ನು 2003ರ ಫೆಬ್ರುವರಿಯಲ್ಲಿ ದಯಾಮರಣಕ್ಕೆ ಒಳಪಡಿಸಲಾಯಿತು. ಭಾರತದಲ್ಲೂ ಈ ರೋಗ ವರದಿಯಾಗಿದೆ. ಚಿಕಿತ್ಸೆಯೂ ಇಲ್ಲ, ಲಸಿಕೆಯೂ ಇಲ್ಲ.

ಇನ್ನೊಂದು ಮೇಡಿ. ಐಸ್‌ಲ್ಯಾಂಡ್ ಭಾಷೆಯಲ್ಲಿ ಹಾಗೆಂದರೆ ಉಬ್ಬಸ. ಆ ದೇಶ 1933ರಲ್ಲಿ ತಳಿ ಸುಧಾರಣೆಗೆಂದು ಜರ್ಮನಿಯಿಂದ 20 ಕಾರಕುಲ್ ಕುರಿಗಳನ್ನು ತರಿಸಿತು. ನೋಡಲು ಆರೋಗ್ಯವಾಗಿದ್ದ ಆ ಕುರಿಗಳ ಜೊತೆ ಮೇಡಿಯೂ ಯಾಗ್‌ಸೀಕ್ಟೆಯೂ ಬಂದವು. ರೋಗ ವರ್ಷಗಳ ನಂತರ ಬಾಯಿಬಿಟ್ಟಾಗ ತಡವಾಗಿತ್ತು. ಸೀಮೆ ಸೀಮೆಯ ಕುರಿಗಳನ್ನೇ ಕೊಂದು, ಬೇರೆ ಕಡೆಯ ಶುದ್ಧ ಕುರಿ ತಂದು ತುಂಬಿಸಿ, ಮೇಡಿಯಿಂದ ಬಿಡುಗಡೆ ಪಡೆಯುವಷ್ಟರಲ್ಲಿ 1965 ಬಂದಿತ್ತು. ಒಳ್ಳೆಯ ತಳಿಯ ಟಗರು ಅಂತ ದೂರದಿಂದ ದುಬಾರಿ ಬೆಲೆಗೆ ತರುವವರು, ಕೊಡುವವನ ಮಂದೆಯಲ್ಲಿ ಉಬ್ಬಸದ ಹಳೇ ಕುರಿಗಳಿವೆಯೇ ಎಂದು ಒಂದು ಸುತ್ತು ಹಾಕಿ ನೋಡುವುದು ಒಳ್ಳೆಯದು.

ಪುಪ್ಪುಸ ತಾನೇ ಹೇಳುತ್ತದೆ

ಹೊರಗಿನ ಲಕ್ಷಣ ಒಂದೇ ಆದರೂ ಒಳಗಿನ ಗುರುತು ಬೇರೆ ಬೇರೆ. ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡುವಾಗ ಮೊದಲು ನೋಡುವುದು ಹಾನಿ ಎಲ್ಲಿದೆ ಎಂದು. ಉಸಿರಿನೊಂದಿಗೆ ಇಳಿದ ಬ್ಯಾಕ್ಟೀರಿಯಾ ಪುಪ್ಪುಸದ ಮುಂದಿನ, ಕೆಳಗಿನ ಭಾಗವನ್ನು ಹಿಡಿಯುತ್ತದೆ. ಅಲ್ಲಿ ಕೆಂಪಗೆ, ಈಲಿಯಂತೆ ಗಟ್ಟಿ. ಜಂತುಹುಳುವಿನ ಹಾನಿ ಹಿಂದಿನ ಭಾಗದಲ್ಲಿ, ಬೆನ್ನಿನ ಕಡೆ. ಗಾಳಿಕೊಳವೆ ಸೀಳಿದರೆ ನೊರೆಯ ನಡುವೆ ಬಿಳಿ ದಾರಗಳು ಸಿಗುತ್ತವೆ. ಗೊಟ್ಟದ ನ್ಯುಮೋನಿಯಾ ಆದರೆ ಬಲ ಮುಂಭಾಗ ಕಪ್ಪು ಹಸಿರಾಗಿ ಕೊಳೆತು ನಾರುತ್ತದೆ, ಎಣ್ಣೆಯ ಜಿಡ್ಡೂ ಸಿಗಬಹುದು. ಯಾಗ್‌ಸೀಕ್ಟೆಯ ಪುಪ್ಪುಸ ಮಾಮೂಲಿಗಿಂತ ಎಷ್ಟೋ ಪಟ್ಟು ಭಾರ, ತುಂಬ ನೊರೆ. ಒಂದು ಸರಳ ಪರೀಕ್ಷೆಯೂ ಇದೆ. ಆರೋಗ್ಯದ ಪುಪ್ಪುಸದ ತುಂಡು ನೀರಿನಲ್ಲಿ ತೇಲುತ್ತದೆ, ಗಟ್ಟಿಯಾದದ್ದು ಮುಳುಗುತ್ತದೆ.

ಸತ್ತ ಎರಡು ಗಂಟೆಯಲ್ಲಿ ತೆರೆದ ಕುರಿ ಹೇಳುವಷ್ಟನ್ನು ಮರುದಿನ ಉಬ್ಬಿದ ಕುರಿ ಹೇಳುವುದಿಲ್ಲ. ಸರ್ಕಾರದ ಅನುಗ್ರಹ ಯೋಜನೆಯಡಿ ಪರಿಹಾರ ಕೇಳುವುದಕ್ಕೂ ವೈದ್ಯರ ಮರಣೋತ್ತರ ಪರೀಕ್ಷೆ ಬೇಕು. ಹಾಗಾಗಿ ಫೋನ್ ಮಾಡಬೇಕಾದದ್ದು ಹೂಳುವ ಮೊದಲು. ಪ್ರಯೋಗಾಲಯಕ್ಕೆ ಮಾದರಿ ಕಳಿಸುವುದಾದರೆ ಔಷಧಿ ಹಾಕದ ಕುರಿಯದ್ದೇ ಉತ್ತಮ. ನಾಲ್ಕು ಬಗೆಯ ಆ್ಯಂಟಿಬಯಾಟಿಕ್ ಹಾಕಿ ಸತ್ತ ಕುರಿಯ ಪುಪ್ಪುಸದಲ್ಲಿ ರೋಗಾಣು ಬೆಳೆಸಿ ಗುರುತಿಸುವುದು ಕಷ್ಟ.

ಒಂದು ಎಚ್ಚರಿಕೆ ಮಾತ್ರ ತಪ್ಪಬಾರದು. ಇದ್ದಕ್ಕಿದ್ದಂತೆ ಸತ್ತು, ಮೂಗು ಅಥವಾ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಆ ಕುರಿಯನ್ನು ಯಾರೂ ಕೊಯ್ಯಕೂಡದು, ಚರ್ಮ ಸುಲಿಯಕೂಡದು. ಅದು ಆಂಥ್ರಾಕ್ಸ್, ಅಂದರೆ ನೆರಡಿ ರೋಗ ಆಗಿರಬಹುದು. ಮನುಷ್ಯರ ಜೀವಕ್ಕೂ ಅಪಾಯ.

ಮೊದಲ ದಿನವೇ ಹಿಡಿಯುವುದು ಹೇಗೆ

ಮ್ಯಾನ್‌ಹೈಮಿಯಾ ನ್ಯುಮೋನಿಯಾದಲ್ಲಿ ಚಿಕಿತ್ಸೆ ಫಲಿಸುವುದು ಮೊದಲ ದಿನ, ಹೆಚ್ಚೆಂದರೆ ಎರಡನೇ ದಿನ. ಗೂಡುಗಳು ಗಟ್ಟಿಯಾದ ಮೇಲೆ ಅಲ್ಲಿಗೆ ಔಷಧಿ ತಲುಪುವುದೇ ಕಡಿಮೆ. ಮಂದೆ ಹೊರಡುವಾಗ ಕಡೆಯಲ್ಲಿ ಏಳುವ, ಕಿವಿ ಜೋಲುಬಿಟ್ಟ, ಮೆಲುಕು ನಿಲ್ಲಿಸಿದ ಕುರಿಯನ್ನು ಹಿಡಿದು ನೋಡಬೇಕು. ಸುಮ್ಮನಿರುವ ಕುರಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತದೆ. ಬಿಸಿಲಿಗೆ ಎಲ್ಲ ಕುರಿಗಳೂ ತೇಕುವುದರಿಂದ ಮಧ್ಯಾಹ್ನದ ಎಣಿಕೆ ಲೆಕ್ಕಕ್ಕಿಲ್ಲ. ನಸುಕಿನಲ್ಲಿ, ರೊಪ್ಪದ ಬಾಗಿಲು ತೆರೆಯುವ ಮೊದಲೇ ಪಕ್ಕೆ ನೋಡಿ ಎಣಿಸಬೇಕು. 40 ದಾಟಿದರೆ, ಮೂಗಿನ ಹೊಳ್ಳೆ ಅರಳಿದ್ದರೆ, ಕುತ್ತಿಗೆ ಮುಂದೆ ಚಾಚಿ ನಿಂತಿದ್ದರೆ ತಡ ಮಾಡುವಂತಿಲ್ಲ. ಥರ್ಮಾಮೀಟರಿನಲ್ಲಿ 104 ಡಿಗ್ರಿ ಫ್ಯಾರನ್‌ಹೀಟ್ ಮೇಲಿದ್ದರೆ ಜ್ವರ.

ಅಂಥ ಕುರಿಯನ್ನು ಬೇರ್ಪಡಿಸಿ, ನೆರಳಲ್ಲಿ ಇರಿಸಿ, ನಡೆಸದೆ, ನೀರು ಮೇವು ಅಲ್ಲಿಗೇ ಕೊಡಬೇಕು. ಆ್ಯಂಟಿಬಯಾಟಿಕ್ ಯಾವುದು, ಎಷ್ಟು ಎಂಬುದು ವೈದ್ಯರ ತೀರ್ಮಾನ. ಒಂದು ಸೂಜಿಗೆ ಚೇತರಿಸಿಕೊಂಡಿತು ಅಂತ ನಡುವೆ ನಿಲ್ಲಿಸಿದರೆ ವಾರದಲ್ಲಿ ಮರಳಿ ಬರುತ್ತದೆ, ಆಗ ಅದೇ ಔಷಧಿ ನಾಟುವುದಿಲ್ಲ. ಔಷಧಿ ಹಾಕಿದ ಕುರಿಯನ್ನು ಮಾಂಸಕ್ಕೆ ಕೊಡುವ ಮುನ್ನ ಎಷ್ಟು ದಿನ ಕಾಯಬೇಕೆಂದು ಲೇಬಲ್ಲಿನಲ್ಲಿ ಬರೆದಿರುತ್ತದೆ, ಅದನ್ನು ಪಾಲಿಸುವವರು ಕಡಿಮೆ. ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾಲಯದ ವಾಹನ ಕೇಳಬಹುದು. ಕರೆ ಮಾಡುವಾಗ ಎಷ್ಟು ಕುರಿ, ಎಷ್ಟು ದಿನದಿಂದ, ಹೊಸ ಕುರಿ ತಂದದ್ದು ಯಾವಾಗ, ಬಾಯಿಹುಣ್ಣು ಭೇದಿ ಇದೆಯೇ, ಕಡೆಯ ಬಾರಿ ಯಾವ ಔಷಧಿ ಹಾಕಿದ್ದು ಎಂಬ ಐದು ಸಂಗತಿ ಹೇಳಿದರೆ ವೈದ್ಯರ ಅರ್ಧ ಕೆಲಸ ಆದಂತೆ.

ಮರಿಗಳ ಮಟ್ಟಿಗೆ ಬಹುದೊಡ್ಡ ರಕ್ಷಣೆ ಪುಕ್ಕಟೆ ಸಿಗುವ ಗಿಣ್ಣು ಹಾಲು. ಹುಟ್ಟಿದ ಒಂದೆರಡು ಗಂಟೆಯೊಳಗೆ ಅದು ಹೊಟ್ಟೆ ಸೇರಬೇಕು. ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದಾಟುವ ದಾರಿ ಅದೊಂದೇ, ದಿನ ಕಳೆದರೆ ಆ ಬಾಗಿಲು ಮುಚ್ಚುತ್ತದೆ.

ಉಳಿದದ್ದು ನಾಯಿಯ ವಿಚಾರ. ಕುರಿ ಕೊಯ್ದಾಗ ನೀರು ತುಂಬಿದ ಗುಳ್ಳೆಗಳಿರುವ ಪುಪ್ಪುಸವನ್ನು ‘ತಿನ್ನೋಕೆ ಬರಲ್ಲ’ ಅಂತ ಮಂದೆಯ ನಾಯಿಗೆ ಎಸೆಯುವುದು ಎಲ್ಲೆಡೆ ಕಾಣುವ ರೂಢಿ. ಆ ಗುಳ್ಳೆ ಹೈಡ್ಯಾಟಿಡ್ ಎಂಬ ಲಾಡಿಹುಳುವಿನ ಮರಿಗಳ ಚೀಲ. ನಾಯಿಯ ಕರುಳಲ್ಲಿ ಅದು ಹುಳುವಾಗಿ ಬೆಳೆದು, ನಾಯಿಯ ಮಲದ ಮೂಲಕ ಮೊಟ್ಟೆಗಳು ಹುಲ್ಲಿಗೆ, ನೀರಿಗೆ, ನಾಯಿಯ ಮೈಕೂದಲಿಗೆ ಬರುತ್ತವೆ. ಹುಲ್ಲಿನಿಂದ ಮತ್ತೆ ಕುರಿಗೆ, ಕೈಯಿಂದ ನಾಯಿ ಮುದ್ದಿಸಿದ ಮಕ್ಕಳ ಬಾಯಿಗೆ. ಮನುಷ್ಯರ ಈಲಿ, ಪುಪ್ಪುಸದಲ್ಲೂ ಅಂಥದೇ ಚೀಲ ವರ್ಷಗಟ್ಟಲೆ ಬೆಳೆದು ಆಪರೇಷನ್‌ವರೆಗೂ ಹೋಗುತ್ತದೆ. ಗುಳ್ಳೆ ಕಂಡ ಪುಪ್ಪುಸ, ಈಲಿಯನ್ನು ನಾಯಿ ಕೆದರಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು, ಇಲ್ಲವೇ ಸುಡಬೇಕು. ಕುರಿಗಳ ಜೊತೆಗೆ ನಾಯಿಗೂ ಲಾಡಿಹುಳುವಿನ ಔಷಧಿ ಹಾಕಿಸುವುದನ್ನು ವೈದ್ಯರಲ್ಲಿ ಕೇಳಬೇಕು.